ಬೋರ್ಡು ಓದುವ ಪಾಠ

ಬೀದರಿನ ಚೌಬಾರಾದ ಬುಡದಲ್ಲಿ ನಿಂತು ಹೊರ ಊರಿನವರು ಯಾರಾದರೂ ದಾರಿ ಕೇಳಿದರೆ ಅವರ ಪಾಡು ಸ್ವಲ್ಪ ಕಷ್ಟದ್ದೇ. ಕೋಟೆಗೆ ಹೋಗಬೇಕೆಂದರೆ ಕನ್ನಡದವರು "ಸೀದಾ ಹೋಗ್ರಿ, ಗವಾನ್ ಮದರಸಾ ದಾಟಿದ್ರ ಕಿಲ್ಲಾ ಬರ್ತದ" ಎನ್ನುತ್ತಾರೆ. ಅದು ಸರಿಯೇ. ಆದರೆ ಅದೇ ಮಾತನ್ನು ನಮ್ಮ ದಖನಿಯವರು ಹೇಳುವಾಗ "ಸೀದಾ" ಎಂಬುದರ ಹಿಂದೆ "ಹಾತ್" ಸೇರಿಬಿಟ್ಟರೆ ಊರೇ ತಿರುಗಿ ನಿಲ್ಲುತ್ತದೆ. ಉರ್ದುವಿನಲ್ಲಿ ಸೀದಾ ಎಂದರೆ ನೇರ. ಸೀದಾ ಹಾತ್ ಎಂದರೆ ಬಲಗೈ. ಭಾಲ್ಕಿ ಕಡೆಯ ಮರಾಠಿ ಮಾತಿನವರು ಎಡಕ್ಕೆ "ಡಾವೀಕಡೆ" ಎನ್ನುತ್ತಾರೆ. ಜಹೀರಾಬಾದ್ ಕಡೆಯಿಂದ ಬಂದ ತೆಲುಗಿನ ಲಾರಿಯವನು ಬಲಕ್ಕೆ "ಕುಡಿ ವೈಪು" ಎಂದಾಗ, ಸ್ಟೇರಿಂಗ್ ಹಿಡಿದವನಿಗೆ ಕುಡಿಯಲು ಹೇಳುತ್ತಿದ್ದಾನಲ್ಲ ಎಂದು ನಾವು ಚಿಕ್ಕಂದಿನಲ್ಲಿ ನಕ್ಕಿದ್ದುಂಟು.

2020ರ ಜನವರಿಯಲ್ಲಿ ಈ "ಸೀದಾ" ನಮ್ಮನ್ನೇ ಹಿಡಿಯಿತು. ಆಗ ನಾವು ಮೂವರು ಒಂದೇ ಕಾರಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದೆವು. ಮುಂದಿನ ಸೀಟಿನಲ್ಲಿ ಆಪಾಳ ಮಗ, ಅಂದರೆ ನಮ್ಮ ಸೋದರಳಿಯ. ಪಕ್ಕದಲ್ಲಿ ಕಲಿಸುವ ಮಾಸ್ತರರು. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗಾಗಿ ಕಾಯುತ್ತ ಭಾವ ಮತ್ತು ಈ ಕಥೆಗಾರ. ಕಾರಿನ ಮುಂದೆ ಹಿಂದೆ ಕೆಂಪು ಬಣ್ಣದಲ್ಲಿ "ಎಲ್" ಅಕ್ಷರ. ಶಾಹಗಂಜ್ ದರ್ವಾಜಾದ ಹತ್ತಿರ ಮಾಸ್ತರರು ಅಪ್ಪಟ ಕನ್ನಡದಲ್ಲಿ "ಸೀದಾ ತಗೋ" ಎಂದರು. ಎಂಜಿನ್ನಿನ ಸದ್ದಿನಲ್ಲಿ ಹುಡುಗನ ಕಿವಿಗೆ ಅದು ಬಲಗೈಯಾಗಿ ಕೇಳಿಸಿತು. ಕಾರು ಬಲಕ್ಕೆ ಹೊರಳಿ ಬದನೆಕಾಯಿಯ ತಳ್ಳುಗಾಡಿಗೆ ಮುತ್ತು ಕೊಟ್ಟು ನಿಂತಿತು. ಮಾಸ್ತರರ ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇದ್ದುದರಿಂದ ನಷ್ಟವಾದದ್ದು ಎರಡು ಕಿಲೋ ಬದನೆಕಾಯಿ ಮಾತ್ರ. ಹುಡುಗ "ಸೀದಾ ಅಂದ್ರಲ್ರೀ" ಎಂದು ಅಳುಮುಖ ಮಾಡಿದ. "ಹೌದಪ್ಪ, ಸೀದಾ ಅಂದೆ, ನೀ ಯಾಕ ಹೊಳ್ಳಿದಿ?" ಎಂದು ಮಾಸ್ತರರು. ಆ ಸಂಜೆ ನಾವೆಲ್ಲ ಬದನೆಕಾಯಿ ಬಗಾರ ತಿಂದೆವು. ಗಾಡಿಯವನು ಹಣ ಪಡೆದು ಜಜ್ಜಿದ ಕಾಯಿಗಳನ್ನು ನಮಗೇ ಕಟ್ಟಿಕೊಟ್ಟಿದ್ದ.

ನಗುವುದಕ್ಕೆ ಈ ಘಟನೆ ಸಾಕು. ಆದರೆ ನಲವತ್ತು ದಾಟಿದ ಕಥೆಗಾರರೊಬ್ಬರೂ, ಐವತ್ತರ ಹತ್ತಿರದ ಭಾವನೂ, ಹತ್ತೊಂಬತ್ತರ ಹುಡುಗನೂ ಒಟ್ಟಿಗೆ ರಸ್ತೆಯ ಬೋರ್ಡುಗಳ ಪಾಠಕ್ಕೆ ಕುಳಿತದ್ದು ನಗುವಿನ ಕಾರಣಕ್ಕಲ್ಲ. ಅದಕ್ಕಾಗಿ ಭಾವನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಅಕ್ಕನ ಗಂಡನನ್ನು ನಾವು ಮನೆಯಲ್ಲಿ ಕರೆಯುವುದು ದುಲ್ಹಾಭಾಯಿ ಎಂದು. ಭಾಲ್ಕಿಯವರು. ಉರ್ದು ಶಾಲೆಯ ಮೂರನೇ ಇಯತ್ತೆ ಮುಗಿಯುವ ಮೊದಲೇ ಅವರ ತಂದೆ ತೀರಿಕೊಂಡರು. ಹದಿಮೂರರ ಹೊತ್ತಿಗೆ ಲಾರಿಯೊಂದರಲ್ಲಿ ಕ್ಲೀನರ್ ಆದರು. ಕ್ಲೀನರನ ಕೆಲಸ ಗಾಜು ಒರೆಸುವುದು, ಟೈರು ಬಡಿದು ನೋಡುವುದು ಮಾತ್ರ ಎಂದು ನಾವು ತಿಳಿದಿದ್ದೆವು. ಆದರೆ ಕಾನೂನು ಆ ಹುಡುಗರಿಗೆ ಇನ್ನೂ ದೊಡ್ಡ ಕೆಲಸ ಕೊಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮಿನ ಪ್ರಕಾರ, ಕಾವಲುಗಾರನಿಲ್ಲದ ರೈಲ್ವೆ ದಾಟು ಬಂದಾಗ ಚಾಲಕ ಗಾಡಿ ನಿಲ್ಲಿಸಬೇಕು. ಕಂಡಕ್ಟರ್ ಅಥವಾ ಕ್ಲೀನರ್ ಕೆಳಗಿಳಿದು ಹಳಿಯ ತನಕ ನಡೆದು ಹೋಗಿ ಎರಡೂ ಕಡೆ ನೋಡಿ, ರೈಲು ಬರುತ್ತಿಲ್ಲವೆಂದು ಖಾತ್ರಿ ಮಾಡಿದ ಮೇಲೆಯೇ ಗಾಡಿ ದಾಟಬೇಕು. ಭಾವ ಈ ಕಲಮಿನ ಹೆಸರು ಕೇಳಿದವರಲ್ಲ. ಆದರೆ ಉದಗೀರ್ ಕಡೆಯ ಹಳಿಗಳ ಮೇಲೆ ರಾತ್ರಿ ಎರಡು ಗಂಟೆಗೆ ಬರಿಗಾಲಲ್ಲಿ ನಿಂತು, ಕಿವಿಯನ್ನು ಕಂಬಿಗೆ ಹಚ್ಚಿ, "ಆನೇ ದೋ" ಎಂದು ಕೂಗಿದವರು.

ಮುಂದೆ ಅವರೇ ಟೆಂಪೊ ಓಡಿಸತೊಡಗಿದರು. ಉದಗೀರ್, ಔರಾದ್, ದೇಗಲೂರು, ಬೀದರಿನ ಗಾಂಧಿಗಂಜ್. ಮೂರು ರಾಜ್ಯಗಳು ಕೂಡುವ ನಮ್ಮ ಜಿಲ್ಲೆಯಲ್ಲಿ ಒಂದು ಚೌರಸ್ತೆಯಲ್ಲಿ ಐದು ನಿಮಿಷ ನಿಂತರೆ ಬೀದರಿನ ಕೆಎ-38, ಭಾಲ್ಕಿಯ ಕೆಎ-39, ಲಾತೂರಿನ ಎಂಎಚ್-24, ನಾಂದೇಡದ ಎಂಎಚ್-26 ಎಲ್ಲ ಕಣ್ಣೆದುರು ಹಾಯುತ್ತವೆ. ಅವುಗಳ ಜೊತೆಗೆ ಬೋರ್ಡುಗಳ ಲಿಪಿಯೂ ಬದಲಾಗುತ್ತ ಹೋಗುತ್ತದೆ. ಭಾವನಿಗೆ ಯಾವ ಲಿಪಿಯೂ ಕಷ್ಟ ಕೊಡುತ್ತಿರಲಿಲ್ಲ, ಏಕೆಂದರೆ ಅವರಿಗೆ ಒಂದೂ ಬರುತ್ತಿರಲಿಲ್ಲ. ಬದಲಿಗೆ ಅವರು ಚಿತ್ರಗಳನ್ನು ಓದುತ್ತಿದ್ದರು. ಪ್ರತಿ ಚಿತ್ರಕ್ಕೂ ಅವರದೇ ಹೆಸರಿತ್ತು. ಒಂದರ ಹಿಂದೊಂದು ತಿರುವುಗಳಿವೆ ಎನ್ನುವ ಬೋರ್ಡು "ಸಾಂಪ್". ರಸ್ತೆಯ ಉಬ್ಬು ತೋರಿಸುವುದು "ಊಂಟ್". ಕಿರಿದಾದ ಸೇತುವೆ "ಕಮರ್", ಅಂದರೆ ಸೊಂಟ. ಇನ್ನು ರಸ್ತೆಯ ಕೆಲಸ ನಡೆದಿದೆ ಎಂದು ತೋರಿಸಲು ಒಬ್ಬ ಮನುಷ್ಯ ಬಾಗಿ ಸಲಿಕೆ ಹಿಡಿದು ಮಣ್ಣು ತೋಡುತ್ತಿರುವ ಚಿತ್ರ ಇದೆಯಲ್ಲ, ಅದಕ್ಕೆ ಭಾವ ಇಟ್ಟ ಹೆಸರು "ಖಬರ್ ಖೋದ್ನೆವಾಲಾ". ಗೋರಿ ತೋಡುವವನು.

"ಎಂಥ ಹೆಸರು ಇಟ್ಟೀರಿ ದುಲ್ಹಾಭಾಯಿ!" ಎಂದು ನಾವು ಗದರಿದ್ದೆವು.

"ಅವನು ಕಂಡ ಕೂಡಲೆ ಕಾಲು ತಾನೇ ಬ್ರೇಕಿನ ಮೇಲೆ ಹೋಗಬೇಕು ಮಿಯಾಂ, ಅದಕ್ಕೆ" ಎಂದರು.

ಇಷ್ಟೆಲ್ಲ ಇದ್ದರೂ ಅವರ ಹತ್ತಿರ ಲೈಸೆನ್ಸ್ ಇರಲಿಲ್ಲ. ಎಂಟನೇ ಇಯತ್ತೆ ಪಾಸಾಗದವರಿಗೆ ಲೈಸೆನ್ಸ್ ಕೊಡುವುದಿಲ್ಲ ಎಂದು ಅಡ್ಡಾದಲ್ಲಿ ಯಾರೋ ಹೇಳಿದ್ದರು. ಅಲ್ಲಿಗೆ ಮುಗಿಯಿತು. ಅವರು ಕೇಳಿದ್ದು ಪೂರ್ತಿ ಸುಳ್ಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಂಥದ್ದೊಂದು ಶರತ್ತು ಇತ್ತು. ಅದರ ಸಂಖ್ಯೆಯೂ ಎಂಟೇ. ಎಂಟನೇ ನಿಯಮ, ಎಂಟನೇ ತರಗತಿ. ಪೊಲೀಸರು ಕೈ ತೋರಿಸಿದಲ್ಲಿ ಭಾವ ಕೈ ಬಿಚ್ಚುತ್ತಿದ್ದರು. ಉಳಿದ ದಿನಗಳಲ್ಲಿ ಒಳರಸ್ತೆ ಹಿಡಿಯುತ್ತಿದ್ದರು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಉರ್ದುವಿನಲ್ಲೂ ಕನ್ನಡದಲ್ಲೂ ಓದಿದ್ದ ನಾವು, ಪತ್ರಿಕೆಗಳಿಗೆ ಬಡವರ ಕಥೆ ಬರೆಯುತ್ತಿದ್ದ ನಾವು, ಆ ಎಂಟನೇ ನಿಯಮವನ್ನು ಒಮ್ಮೆಯಾದರೂ ತೆಗೆದು ಓದಿರಲಿಲ್ಲ.

2016ರ ಜನವರಿ, ತೊಗರಿಯ ಹಂಗಾಮು. ಔರಾದ್ ತಾಲೂಕಿನ ಒಂದು ಹಳ್ಳಿಯಿಂದ ತೊಗರಿ ಚೀಲ ತುಂಬಿಕೊಂಡು ಭಾವ ನಸುಕಿಗೆ ಮೊದಲೇ ಬೀದರಿಗೆ ಹೊರಟಿದ್ದರು. ಹಳ್ಳಿ ದಾಟಿದ ಮೇಲೆ ನಾಲೆಯೊಂದಕ್ಕೆ ಇದ್ದ ಸಣ್ಣ ಸೇತುವೆಯನ್ನು ಕಿತ್ತು ಹೊಸದಾಗಿ ಕಟ್ಟುತ್ತಿದ್ದರು. ಗುತ್ತಿಗೆದಾರ ಕಲ್ಲಿಗೆ ಆನಿಸಿ ಒಂದು ತಗಡು ನಿಲ್ಲಿಸಿದ್ದ. ಅದರ ಮೇಲೆ ನೀಲಿ ಬಣ್ಣದಲ್ಲಿ "ಸೇತುವೆ ಕಾಮಗಾರಿ ಪ್ರಗತಿಯಲ್ಲಿದೆ, ಬದಲಿ ರಸ್ತೆ ಬಳಸಿ" ಎಂದು ಬರೆಸಿದ್ದ. ಬಾಣದ ಗುರುತು ಇರಲಿಲ್ಲ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿಲ್ಲ. ತ್ರಿಕೋನವಿರಲಿಲ್ಲ. ಭಾವನ ಹೆಡ್‌ಲೈಟಿಗೆ ತಗಡು ಕಂಡಿತ್ತು. ರಸಗೊಬ್ಬರದ ಜಾಹೀರಾತೋ ಚುನಾವಣೆಯದೋ ಎಂದುಕೊಂಡರು. ಟೆಂಪೊ ನಾಲೆಗಿಳಿಯಿತು. ಬಲಗಾಲಿನ ತೊಡೆಯೆಲುಬು ಮುರಿಯಿತು. ಕ್ಲೀನರ್ ಹುಡುಗ ಚೀಲಗಳ ಮೇಲೆ ಮಲಗಿದ್ದವನು ಚೀಲಗಳ ಜೊತೆಗೇ ಹೊಲಕ್ಕೆ ಬಿದ್ದು ಉಳಿದುಕೊಂಡ. ಅಲ್ಲಾಹನ ಮೆಹರಬಾನಿ.

ಆಸ್ಪತ್ರೆಯಲ್ಲಿ ಭಾವ ನಮ್ಮ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ಆ ತಗಡಿನ ಮೇಲೆ ಏನು ಬರೆದಿತ್ತು?" ನಾವು ಓದಿ ಹೇಳಿದೆವು; ಮರುದಿನ ಹೋಗಿ ನೋಡಿಕೊಂಡು ಬಂದಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಬರೆಯುವ ಬದಲು ಖಬರ್ ಖೋದ್ನೆವಾಲಾನನ್ನು ನಿಲ್ಲಿಸಿದ್ದರೆ ನಾನು ನಿಲ್ಲುತ್ತಿದ್ದೆ" ಎಂದರು.

ಚಾಲಕನಿಗೆ ಲೈಸೆನ್ಸ್ ಇಲ್ಲವೆಂದು ಟೆಂಪೊದ ವಿಮೆ ಹಣ ಬರಲಿಲ್ಲ. ಮಾಲೀಕ ಕೆಟ್ಟವನಲ್ಲ, ಆದರೆ ಅವನೂ ಸಾಲ ಮಾಡಿ ಗಾಡಿ ಕೊಂಡವನು. ಆಪಾಳ ಎರಡು ಬಳೆಗಳು ಹೋದವು. ಉಳಿದದ್ದನ್ನು ತಿಂಗಳ ಕಂತಿನಲ್ಲಿ ತೀರಿಸಲು ಮೂರು ವರ್ಷ ಹಿಡಿಯಿತು. ಕಾಲಿಗೆ ಸರಳು ಹಾಕಿಸಿಕೊಂಡ ಭಾವ ಭಾಲ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ಪಪ್ಪಾಯಿ, ಕಲ್ಲಂಗಡಿ ಕೊಯ್ದು ಮಾರುತ್ತ ಕುಳಿತರು. ಅವರ ಎದುರಿಗೇ ಟೆಂಪೊಗಳು ಹಾಯುತ್ತಿದ್ದವು. ಗೇರ್ ಬದಲಾಗುವ ಸದ್ದಿನಿಂದಲೇ ಓಡಿಸುವವನು ಹೊಸಬನೋ ಹಳಬನೋ ಹೇಳುತ್ತಿದ್ದರು.

2019ರ ಜೂನ್ ತಿಂಗಳಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆ ಎಂಟನೇ ನಿಯಮವನ್ನು ತೆಗೆಯುವುದಾಗಿ ಪ್ರಕಟಿಸಿತು. ಅದೇ ವರ್ಷ ತಿದ್ದುಪಡಿಯೂ ಆಯಿತು. ಇದಕ್ಕೆ ಕಾರಣವಾದದ್ದು ದೂರದ ಹರಿಯಾಣದ ಮೇವಾತ್. ಅಲ್ಲಿಯ ಬಡ ಮೇವ್ ಮುಸ್ಲಿಮರಲ್ಲಿ ಡ್ರೈವರಿಕೆ ದೊಡ್ಡ ಜೀವನಾಧಾರ. ಶಾಲೆಯ ಪ್ರಮಾಣಪತ್ರವಿಲ್ಲದ, ಆದರೆ ಗಾಡಿ ಓಡಿಸಲು ಚೆನ್ನಾಗಿ ಬಲ್ಲವರಿಗೆ ಲೈಸೆನ್ಸ್ ಸಿಗುತ್ತಿಲ್ಲ ಎಂದು ಹರಿಯಾಣ ಸರಕಾರ ಕೇಂದ್ರದ ಮುಂದೆ ಇಟ್ಟ ಬೇಡಿಕೆ ಅದು. ಓದಿನ ಶರತ್ತು ಹೋಗಲಿ, ತರಬೇತಿ ಮತ್ತು ಪರೀಕ್ಷೆ ಬಿಗಿಯಾಗಲಿ ಎಂದು ಕೇಂದ್ರ ಒಪ್ಪಿತು. ಮೇವಾತಿನ ಯಾವ ಡ್ರೈವರನಿಗೂ ಭಾಲ್ಕಿಯ ಪಪ್ಪಾಯಿ ಮಾರುವವನ ಗುರುತಿಲ್ಲ. ಆದರೂ ಸುದ್ದಿ ಕೇಳಿದ ದಿನ ಭಾವ ಮಗ್ರಿಬ್ ಮುಗಿಸಿ ಬಂದು ಅವರಿಗಾಗಿ ದುಆ ಮಾಡಿದರು.

ಸೆಪ್ಟೆಂಬರ್ 1ರಿಂದ ಇನ್ನೊಂದು ತಿದ್ದುಪಡಿ ಜಾರಿಗೆ ಬಂತು. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದರೆ 500 ರೂಪಾಯಿ ಇದ್ದ ದಂಡ 5000ಕ್ಕೆ ಏರಿತು. ಕದ್ದು ಬೈಕ್ ಓಡಿಸುತ್ತಿದ್ದ ನಮ್ಮ ಸೋದರಳಿಯ ಬೆಚ್ಚಿಬಿದ್ದ. ಅಪ್ಪ ಮಗ ಇಬ್ಬರೂ ಒಂದು ಶುಕ್ರವಾರ ಬೀದರಿಗೆ ಬಂದು, "ನಮಗೆ ಬೋರ್ಡು ಕಲಿಸು" ಎಂದು ಕುಳಿತರು. ನಮಗೂ ಲೈಸೆನ್ಸ್ ಇರಲಿಲ್ಲ. ಆಯುಷ್ಯವೆಲ್ಲ ಬಸ್ಸಿನ ಕಿಟಕಿಯಲ್ಲೇ ಕಳೆದವರು. ಸರಿ, ಮೂವರೂ ಒಟ್ಟಿಗೆ ಕಲಿಯೋಣ ಎಂದೆವು.

ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಬಣ್ಣದ ಚಿತ್ರಗಳಿದ್ದ ಕನ್ನಡದ ಕೈಪಿಡಿ ಸಿಕ್ಕಿತು. ಉರ್ದುವಿನದು ನಮಗೆ ಸಿಗಲಿಲ್ಲ. ಪ್ರತಿ ಶುಕ್ರವಾರ ಸಂಜೆ ನಾವು ಭಾಲ್ಕಿಗೆ ಹೋಗುವುದು, ಆಪಾ ಚಹಾ ಇಡುವುದು, ಪುಸ್ತಕ ಬಿಚ್ಚುವುದು. ಭಾಲ್ಕಿಯಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತು. ನಿಜಾಮರ ಆಳ್ವಿಕೆಯಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು. ಅದೇ ಊರಿನಲ್ಲಿ ನಾವು ಅದನ್ನು ತಿರುವಿ ಹಾಕಿಕೊಂಡು ಕುಳಿತಿದ್ದೆವು. ಕೈಯಲ್ಲಿ ಕನ್ನಡ ಪುಸ್ತಕ, ಪಾಠವೆಲ್ಲ ಉರ್ದುವಿನಲ್ಲಿ.

ಪುಸ್ತಕ ಶುರುವಾಗುವುದೇ ಮೂರು ಬಗೆಯಿಂದ. ಕಡ್ಡಾಯ ಚಿಹ್ನೆಗಳು, ಎಚ್ಚರಿಕೆಯ ಚಿಹ್ನೆಗಳು, ಮಾಹಿತಿ ಚಿಹ್ನೆಗಳು. ಮೊದಲನೆಯವು ದುಂಡು, ಎರಡನೆಯವು ತ್ರಿಕೋನ, ಮೂರನೆಯವು ಚೌಕ. ನಾವು ಕನ್ನಡ ಮಾಸ್ತರರ ಗತ್ತಿನಲ್ಲಿ ಇದನ್ನು ವಿವರಿಸುತ್ತಿದ್ದಾಗ ಭಾವ ತಡೆದು ಹೇಳಿದರು: "ದುಂಡಗಿದ್ದರೆ ಹುಕುಂ. ಮೂರು ಮೂಲೆ ಇದ್ದರೆ ಖಬರ್ದಾರ್. ಚೌಕ ಇದ್ದರೆ ಬರೀ ಖಬರ್." ಇದಕ್ಕಿಂತ ಚೆನ್ನಾಗಿ ಯಾವ ಸಾರಿಗೆ ಅಧಿಕಾರಿಯೂ ಹೇಳಲಾರ. ಹುಕುಂ ಮೀರಿದರೆ ದಂಡ, ಖಬರ್ದಾರ್ ಮೀರಿದರೆ ಪೆಟ್ಟು, ಖಬರ್ ಮೀರಿದರೆ ಪೆಟ್ರೋಲ್ ಬಂಕು ಹಿಂದೆ ಉಳಿಯುತ್ತದೆ, ಅಷ್ಟೆ. ನಮ್ಮ ದಖನಿಯಲ್ಲಿ ಗೋರಿಯೂ ಖಬರ್, ಸುದ್ದಿಯೂ ಖಬರ್. ಶುದ್ಧ ಉರ್ದುವಿನವರು ಎರಡು ಬೇರೆ ಅಕ್ಷರಗಳಿಂದ ಬರೆದರೂ ನಮ್ಮ ನಾಲಗೆಗೆ ಭೇದವಿಲ್ಲ. ಖಬರ್ ತಪ್ಪಿದವನು ಖಬರಿಗೆ ಹೋದ ಎಂದು ಹುಡುಗ ಚೇಷ್ಟೆ ಮಾಡಿ ತಾಯಿಯಿಂದ ಬೈಸಿಕೊಂಡ.

ಕೆಲವು ಆಕಾರಗಳ ಹಿಂದಿನ ಬುದ್ಧಿವಂತಿಕೆ ನಮಗೂ ಆಗಲೇ ತಿಳಿದದ್ದು. "ನಿಲ್ಲಿ" ಎನ್ನುವ ಬೋರ್ಡಿಗೆ ಮಾತ್ರ ಎಂಟು ಮೂಲೆ; "ದಾರಿ ಬಿಡಿ" ಎನ್ನುವುದು ಮಾತ್ರ ತಲೆಕೆಳಗಾದ ತ್ರಿಕೋನ. ಧೂಳು ಮೆತ್ತಿ ಅಕ್ಷರ ಕಾಣದಿದ್ದರೂ, ಹಿಂದಿನಿಂದ ನೋಡಿದರೂ, ಬರಿ ಆಕಾರದಿಂದಲೇ ಇಂಥದ್ದೆಂದು ಗೊತ್ತಾಗಬೇಕು. ಎಂಟು ಮೂಲೆ ಎಂದಾಗ ಭಾವ ನಿಟ್ಟುಸಿರು ಬಿಟ್ಟರು: "ಈ ಎಂಟು ನನ್ನ ಬೆನ್ನು ಬಿಡುವುದಿಲ್ಲ." ಬೈಕಿನ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಓಡಿಸಬೇಕೆಂದು ಮಗ ಹೇಳಿದ ಮೇಲಂತೂ ತಲೆ ಮೇಲೆ ಕೈಯಿಟ್ಟುಕೊಂಡರು.

ಯುರೋಪಿನ ಕಥೆಯನ್ನೂ ಹೇಳಿದೆವು. 1909ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ದೇಶಗಳು ಕೂಡಿ ಮೊದಲು ಒಪ್ಪಿಕೊಂಡದ್ದು ನಾಲ್ಕೇ ಚಿತ್ರಗಳನ್ನು: ಉಬ್ಬು, ತಿರುವು, ಕೂಡುರಸ್ತೆ, ರೈಲ್ವೆ ದಾಟು. ಒಂದು ದಿನದ ಪ್ರಯಾಣದಲ್ಲಿ ಮೂರು ಭಾಷೆ ದಾಟಿ ಹೋಗುವ ಮೋಟಾರಿನವರಿಗೆ ಮಾತಿಲ್ಲದ ಬೋರ್ಡು ಬೇಕಾಗಿತ್ತು. "ಹಾಗಾದರೆ ಅವರ ಕಡೆಯೂ ಬೀದರ್ ಜಿಲ್ಲೆಯೇ" ಎಂದರು ಭಾವ. ಹೌದಲ್ಲ ಎನಿಸಿತು. ಔರಾದಿನಿಂದ ಬೆಳಿಗ್ಗೆ ಹೊರಟವನು ಮಧ್ಯಾಹ್ನದೊಳಗೆ ಕನ್ನಡ, ಮರಾಠಿ, ತೆಲುಗು ಮೂರರ ಬೋರ್ಡನ್ನೂ ಹಾಯಬಹುದು.

ಚಿತ್ರಗಳಲ್ಲಿ ಭಾವ ನಮಗಿಂತ ಮುಂದಿದ್ದರು. ತೊಡಕು ಬಂದದ್ದು ಚಿತ್ರದ ಕೆಳಗಿನ ಮಾತಿನಲ್ಲಿ. ಪರೀಕ್ಷೆಯಲ್ಲಿ ಕಂಪ್ಯೂಟರಿನ ಪರದೆ ಚಿತ್ರ ತೋರಿಸುತ್ತದೆ, ಆಮೇಲೆ ಉತ್ತರಗಳನ್ನು ಅಕ್ಷರದಲ್ಲಿ ಕೊಟ್ಟು ಆರಿಸು ಎನ್ನುತ್ತದೆ. ಓದು ಬಾರದವನಿಗೆಂದೇ ಹುಟ್ಟಿದ ಚಿತ್ರದ ಅರ್ಥವನ್ನು ಓದಿ ಹೇಳಬೇಕು! ಅದೂ ಎಂಥ ಕನ್ನಡ! ಜೀವಮಾನವೆಲ್ಲ ಉತಾರ್ ಎಂದವನಿಗೆ "ಕಡಿದಾದ ಇಳಿಜಾರು". ಚಡಾವ್ ಎಂದವನಿಗೆ "ಕಡಿದಾದ ಏರು". ರಸ್ತೆ ದಾಟುವ ಬಡಪಾಯಿಗೆ "ಪಾದಚಾರಿ". ಬೀದರಿನ ಕನ್ನಡದವರೂ ಹೀಗೆ ಮಾತಾಡುವುದಿಲ್ಲ. ಬಾಜಾರದಲ್ಲಿ ಯಾರಾದರೂ "ಪಾದಚಾರಿಗಳೇ, ಸರಿಯಿರಿ" ಎಂದರೆ ಜನ ದಿಂಡಿ ಬಂತೆಂದು ಕೈ ಮುಗಿದಾರು. ಹುಡುಗ ಎಸ್ಸೆಸ್ಸೆಲ್ಸಿಯವರೆಗೆ ಉರ್ದು ಮಾಧ್ಯಮ, ಕನ್ನಡವನ್ನು ಒಂದು ಭಾಷೆಯಾಗಿ ಓದಿದವನು. ಅಕ್ಷರ ಕೂಡಿಸಿ ಓದುತ್ತಿದ್ದ, ಅರ್ಥ ಎಲ್ಲೆಲ್ಲೋ ಹೋಗುತ್ತಿತ್ತು. "ಮುಂದೆ ಮೋಡ್" ಎಂದು ಉರ್ದು ತಿರುವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದನ್ನು ಮರುವಾರ ತಾನೇ ಓದಿ, ಮಳೆಯ ಬಗ್ಗೆ ಯಾಕೆ ಬರೆದೆ ಎಂದು ಯೋಚಿಸುತ್ತ ಕುಳಿತಿದ್ದ. ಗುಂಡಿಗೆ ನಾವು ಅನ್ನುವ ಗಡ್ಢಾ ಅವನ ನೋಟುಪುಸ್ತಕದಲ್ಲಿ ಗಡ್ಡವಾಗಿತ್ತು. ರಸ್ತೆಯಲ್ಲಿ ಗಡ್ಡವಿದೆ, ನಿಧಾನವಾಗಿ ಚಲಿಸಿ!

ಭಾವನಿಗೆ ಅ ಆ ಇ ಈ ಕಲಿಸಲು ನೋಡಿದೆವು. ಎರಡು ವಾರದಲ್ಲಿ ಇಬ್ಬರಿಗೂ ಬೇಸರ ಬಂತು. ಆಗ ದಾರಿ ತೋರಿಸಿದವಳು ಆಪಾ. ಒಳಗಿನಿಂದಲೇ ಪಾಠ ಕೇಳುತ್ತಿದ್ದವಳು ಬಾಗಿಲಿಗೆ ಬಂದು, "ಇವರಿಗೆ ಬೋರ್ಡು ಓದಲು ಬರುತ್ತದಲ್ಲ, ಮಾತನ್ನೂ ಬೋರ್ಡಿನ ಹಾಗೇ ತೋರಿಸಿ" ಎಂದಳು. ಹಾಗೆಯೇ ಮಾಡಿದೆವು. ಸಿಹಿಯ ಡಬ್ಬಿಗಳನ್ನು ಕತ್ತರಿಸಿ ಒಂದೊಂದು ತುಂಡಿನ ಮೇಲೆ ಒಂದೊಂದು ಪದ ದಪ್ಪಗೆ ಬರೆದೆವು. ಒಂದೊಂದಕ್ಕೂ ಭಾವ ಗುರುತು ಹುಡುಕಿಕೊಂಡರು. "ಎಚ್ಚರಿಕೆ"ಯಲ್ಲಿ ಚ ಕೆಳಗೆ ಇನ್ನೊಂದು ಚ ಜೋತಾಡುತ್ತದೆ. ತಾಯಿ ಮಡಿಲಿನ ಮಗು. "ನಿಷೇಧ"ದ ಷ ಹೊಟ್ಟೆ ಸೀಳಿಸಿಕೊಂಡಿದೆ; ಅಡ್ಡಗೆರೆ ಎಳೆದ ಬೋರ್ಡಿನಂತೆ. "ಬಲ" ಎರಡಕ್ಷರ, "ಎಡ" ಎರಡಕ್ಷರ. ಇವೆರಡನ್ನು ಕಲಿಯಲು ಉಳಿದೆಲ್ಲಕ್ಕಿಂತ ಹೆಚ್ಚು ದಿನ ಬೇಕಾಯಿತು. ಕೊನೆಗೆ ಬಲಗೈ ಚೀಟಿಯನ್ನು ಬಲಗಡೆಯ ಜೇಬಿನಲ್ಲಿ, ಎಡಗೈಯದನ್ನು ಎಡಗಡೆಯ ಜೇಬಿನಲ್ಲಿ ಇಟ್ಟುಕೊಂಡು ಪಪ್ಪಾಯಿ ಮಾರಿದರು. ಗಿರಾಕಿ ಇಲ್ಲದಾಗ ತೆಗೆದು ನೋಡುವುದು, ಒಳಗಿಡುವುದು. ಎರಡು ತಿಂಗಳಲ್ಲಿ ನಲವತ್ತರಷ್ಟು ಪದಗಳು ಅವರವಾದವು.

ಪುಸ್ತಕದಲ್ಲಿ ಕಾವಲಿಲ್ಲದ ರೈಲ್ವೆ ದಾಟಿನ ಚಿತ್ರ ಬಂದ ದಿನ ಮಾತ್ರ ಪಾಠ ಮುಂದೆ ಹೋಗಲಿಲ್ಲ. ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಅಂಥ ದಾಟುಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ರೈಲ್ವೆ ಇಲಾಖೆ ತೆಗೆದಾಗಿತ್ತು. ನಮ್ಮ ಕಡೆಯ ಹಳಿಯೂ ಬ್ರಾಡ್‌ಗೇಜೇ. ಇದ್ದ ಜಾಗ ಹೋಗಿ ಚಿತ್ರ ಮಾತ್ರ ಪರೀಕ್ಷೆಗೆ ಉಳಿದಿತ್ತು. 131ನೇ ಕಲಮನ್ನು ಓದಿ ಹೇಳಿದಾಗ ಭಾವ ಮತ್ತೊಮ್ಮೆ ಓದಿಸಿದರು. "ಕ್ಲೀನರ್ ಎಂಬ ಮಾತು ಕಾನೂನಿನಲ್ಲಿ ಇದೆಯೇ?" ಎಂದು ಕೇಳಿದರು. ಕಂಡಕ್ಟರ್, ಕ್ಲೀನರ್, ಅಟೆಂಡೆಂಟ್ ಎಲ್ಲ ಇದೆ ಎಂದೆವು. ಆ ರಾತ್ರಿ ಅವರು ಹೇಳಿದ ಹಳಿಗಳ ಕಥೆಗಳಲ್ಲಿ ಎರಡನ್ನು ನಾವು ಮುಂದೆ ಕಥೆಯಾಗಿ ಬರೆದೆವು. ಅವರ ಹೆಸರು ಹಾಕಲಿಲ್ಲ, ಹಾಕಬೇಕಿತ್ತೇನೋ.

ಈ ಪಾಠಕ್ಕಾಗಿ ನಿಯಮಗಳ ಪುಸ್ತಕ ತಿರುವುವಾಗಲೇ ನಮ್ಮ ಎದೆ ಧಸಕ್ಕೆಂದದ್ದು. ಎಂಟನೇ ತರಗತಿಯ ಶರತ್ತು ಇದ್ದದ್ದು ಸಾರಿಗೆ ವಾಹನದ ಲೈಸೆನ್ಸಿಗೆ ಮಾತ್ರ. ಸ್ವಂತದ ಬೈಕು, ಕಾರಿನಂಥ ಲಘು ಮೋಟಾರು ವಾಹನದ ಸಾಮಾನ್ಯ ಲೈಸೆನ್ಸಿಗೆ ಆ ಶರತ್ತು ಇರಲೇ ಇಲ್ಲ. ಅಲ್ಲದೆ 7500 ಕಿಲೋಗಿಂತ ಕಡಿಮೆ ತೂಕದ ಗಾಡಿಯಾದರೆ, ಆ ಸಾಮಾನ್ಯ ಲೈಸೆನ್ಸಿನ ಮೇಲೆಯೇ ಸರಕಿನ ಟೆಂಪೊ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಅದನ್ನೇ ಎತ್ತಿಹಿಡಿದಿದೆ. ಅಂದರೆ ಭಾವ ಇಪ್ಪತ್ತು ವರ್ಷ ಹೆದರಿ ಒಳರಸ್ತೆ ಹಿಡಿದದ್ದು ಅರ್ಧ ಕೇಳಿದ ಒಂದು ಮಾತಿಗೆ. ಉಳಿದರ್ಧ ಒಂದು ಪುಸ್ತಕದಲ್ಲಿತ್ತು, ಆ ಪುಸ್ತಕ ಓದಬಲ್ಲವರು ಅವರ ಮನೆಯ ಮದುವೆಯಲ್ಲಿ ಮದುಮಗನ ಸ್ನೇಹಿತರಿಗೆ ಬಿರಿಯಾನಿ ಬಡಿಸುತ್ತ ಓಡಾಡಿದ್ದರು. ಈ ವಿಷಯವನ್ನು ನಾವು ಆಗ ಅವರಿಗೆ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದೆವು. ಧೈರ್ಯವಿರಲಿಲ್ಲ ಎಂದರೆ ಸರಿಯಾದೀತು.

ನವೆಂಬರಿನಲ್ಲಿ ಮೂವರೂ ಕಲಿಕಾ ಲೈಸೆನ್ಸಿನ ಪರೀಕ್ಷೆಗೆ ಕುಳಿತೆವು. ಹುಡುಗ ಪಾಸಾದ. ಭಾವ ಫೇಲಾದರು. ಮೂರು ಕಥಾಸಂಕಲನ ತಂದಿರುವ, ಕನ್ನಡ ಓದಲು ಬಾರದವರಿಗೆ ಕನ್ನಡ ಕಲಿಸಲು ಹೊರಟಿದ್ದ ಈ ಬಡಾಯಿಕೋರರೂ ಫೇಲಾದೆವು. ಒಂದೇ ಅಂಕದಲ್ಲಿ. ನೀಲಿ ಬಿಲ್ಲೆಯ ಮೇಲೆ ಒಂದು ಕೆಂಪು ಗೆರೆ ಇದ್ದರೆ ಗಾಡಿ ನಿಲುಗಡೆ ನಿಷೇಧ. ಎರಡು ಗೆರೆ ಕತ್ತರಿಯಂತಿದ್ದರೆ ಕ್ಷಣಕಾಲವೂ ನಿಲ್ಲಿಸುವಂತಿಲ್ಲ. ನಾವು ಚಿತ್ರ ಸರಿಯಾಗಿ ನೋಡದೆ ಪದ ಓದುವ ಆತುರದಲ್ಲಿ "ನಿಲುಗಡೆ" ಒತ್ತಿದೆವು. ಅದರಲ್ಲಿ ಇದ್ದದ್ದು ಕತ್ತರಿ. ಹೊರಗೆ ಬಂದು ಹೇಳಿದಾಗ ಭಾವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ಎಡವಿದ್ದು ಬೇರೆ ಕಡೆ. ಮನೆಯ ಚೀಟಿಗಳಲ್ಲಿ ನಮ್ಮ ಕೈಬರಹ. ಪರದೆಯ ಮೇಲೆ ಅಚ್ಚಿನ ಅಕ್ಷರ. ಪದಗಳೆಲ್ಲ ಬಟ್ಟೆ ಬದಲಿಸಿಕೊಂಡು ಬಂದಂತೆ ಕಂಡವಂತೆ. ತಪ್ಪು ನಮ್ಮದೇ. ಆಮೇಲೆ ಹುಡುಗ ಅಷ್ಟೂ ಪದಗಳನ್ನು ಅಚ್ಚಿನಲ್ಲಿ ತೆಗೆಸಿ ತಂದ. ಮೂರು ವಾರದ ನಂತರ ಇಬ್ಬರೂ ಮತ್ತೆ ಹೋದೆವು, ಇಬ್ಬರೂ ಪಾಸಾದೆವು. ಭಾವನ ಅಂಕ ನಮ್ಮದಕ್ಕಿಂತ ಒಂದು ಹೆಚ್ಚು.

ಆಮೇಲಿನದು ಬದನೆಕಾಯಿಯ ಜನವರಿ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಆರು ತಿಂಗಳ ಕಲಿಕಾ ಲೈಸೆನ್ಸ್ ಕೈಯಲ್ಲೇ ಹಳೆಯದಾಗುತ್ತದೆಂದು ಭಾವ ದಿನಾ ಫೋನ್ ಮಾಡುತ್ತಿದ್ದರು. ಸರಕಾರ ಇಂಥ ದಾಖಲೆಗಳ ಅವಧಿಯನ್ನು ಮುಂದುವರಿಸುತ್ತ ಹೋದದ್ದರಿಂದ ಬದುಕಿಕೊಂಡೆವು. ಆ ವರ್ಷದ ಕೊನೆಯಲ್ಲಿ ಅವರ ಕೈಗೆ ಲೈಸೆನ್ಸ್ ಬಂತು. ಕಾರ್ಡನ್ನು ಅವರು ಆಪಾಳ ಕೈಯಲ್ಲಿಟ್ಟರು. ಅವಳು ಅದನ್ನು ಒಮ್ಮೆ ತಿರುಗಿಸಿ ನೋಡಿ, ಬಳೆ ಇಡುತ್ತಿದ್ದ ಡಬ್ಬಿಯಲ್ಲಿ ಇಡಲು ಹೋದಳು. "ಅರೆ, ಅದು ನನ್ನ ಜೇಬಿನಲ್ಲಿರಬೇಕು" ಎಂದು ಭಾವ ಕೂಗಿದರು.

2022ರ ಬೇಸಿಗೆಯಲ್ಲಿ ಒಂದು ದಿನ ಅವರ ಟೆಂಪೊದಲ್ಲಿ ದೇಗಲೂರಿನವರೆಗೆ ಹೋಗಿದ್ದೆವು. ಬಾಡಿಗೆಯ ಗಾಡಿ, ಆದರೆ ಓಡಿಸುವವರು ಲೈಸೆನ್ಸಿನವರು. ಜನವಾಡ ಹಿಂದೆ ಬಿತ್ತು, ಕೌಠಾದ ಹತ್ತಿರ ಮಾಂಜರಾ ನದಿ ದಾಟಿದೆವು. ಸಂತಪುರದ ಆಚೆ ರಸ್ತೆ ಖಾಲಿಯಿತ್ತು. ಅಲ್ಲಿ ನಾವು ಎಂಟನೇ ನಿಯಮದ ಉಳಿದರ್ಧವನ್ನು ಹೇಳಿಬಿಟ್ಟೆವು. ಆ ಲೈಸೆನ್ಸ್ ನಿಮಗೆ ಇಪ್ಪತ್ತು ವರ್ಷದ ಹಿಂದೆಯೇ ಸಿಗಬಹುದಿತ್ತು ದುಲ್ಹಾಭಾಯಿ, ನಾವು ಓದಿ ಹೇಳಲಿಲ್ಲ ಎಂದೆವು.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, "ಆಗಲೂ ಪರೀಕ್ಷೆ ಅಕ್ಷರದ್ದೇ ಇರುತ್ತಿತ್ತಲ್ಲ ಮಿಯಾಂ" ಎಂದರು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಆ ಕ್ಲೀನರ್ ಹುಡುಗನಿಗೆ ಹೇಳು. ಈಗ ಅವನೂ ಗಾಡಿ ಓಡಿಸುತ್ತಾನಂತೆ. ಅವನ ಹತ್ತಿರವೂ ಇಲ್ಲ."

ಔರಾದ್ ದಾಟಿ ಮಹಾರಾಷ್ಟ್ರದ ಗಡಿಯೊಳಗೆ ಹೋಗಿದ್ದೆವು. ದೂರದಲ್ಲಿ ರಸ್ತೆ ಅಗೆದು ಮಣ್ಣು ಗುಡ್ಡೆ ಹಾಕಿದ್ದು ಕಂಡಿತು. ಪಕ್ಕದಲ್ಲಿ ಒಂದು ಬೋರ್ಡು. ದೇವನಾಗರಿಯಲ್ಲಿ ಎರಡು ಸಾಲು ಬರೆದಿತ್ತು, ಅದರ ಮೇಲೆ ಕೆಂಪು ಅಂಚಿನ ತ್ರಿಕೋನ. ಭಾವ ಆಗಲೇ ಗೇರ್ ಇಳಿಸಿದ್ದರು.

"ಖಬರ್ ಖೋದ್ನೆವಾಲಾ ಇದ್ದಾನೆ" ಎಂದರು. "ಕೆಳಗೆ ಏನು ಬರೆದಿದೆ?"

"ಮರಾಠಿ. ಪುಢೇ ಕಾಮ ಚಾಲೂ ಆಹೇ, ಸಾವಕಾಶ."

"ಸಾವಕಾಶ ನಮ್ಮ ಕಡೆಯ ಕನ್ನಡದವರೂ ಅನ್ನುತ್ತಾರಲ್ಲ. ಅದು ನಿನ್ನ ಪುಸ್ತಕದಲ್ಲಿ ಯಾಕೆ ಇರಲಿಲ್ಲ?"

ನಾವು ಉತ್ತರ ಹುಡುಕುವಷ್ಟರಲ್ಲಿ ಅವರು ಎಡಗಡೆಯ ದೀಪ ಹಾಕಿ ಬದಲಿ ರಸ್ತೆಗೆ ಇಳಿದಿದ್ದರು.